ನೀರು ಇಳಿದಾಗ ಮುಂಬೈ: ಕಡಲಂಚಿನ ಜೀವಿಗಳನ್ನು ನೋಡುವ, ಫೋಟೊ ತೆಗೆಯುವ ಬಗೆ

ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಬೆಳಿಗ್ಗೆ ಏಳೂವರೆಗೆ ನೂರಾರು ಜನ ವಾಕಿಂಗ್ ಮಾಡುತ್ತಿರುತ್ತಾರೆ. ಅವರು ನಡೆಯುವ ಕಟ್ಟೆಯ ಕೆಳಗೆ, ಕಪ್ಪು ಬಂಡೆಗಳ ನಡುವಿನ ಗುಂಡಿಯೊಂದರಲ್ಲಿ, ಸನ್ಯಾಸಿ ಏಡಿ ಮನೆ ಬದಲಾಯಿಸುವುದನ್ನು ನಾನು ಮೊದಲ ಸಲ ನೋಡಿದೆ. ತಾನು ಹೊತ್ತಿದ್ದ ಶಂಖದ ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಶಂಖವನ್ನು ಅದು ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿತು. ಬಾಯಿಗೆ ಕೊಂಡಿ ಹಾಕಿ ಅಳೆಯಿತು, ಹೊರಳಿಸಿತು. ಆಮೇಲೆ ಒಂದೇ ಒಂದು ಕ್ಷಣ ಅದರ ಮೆತ್ತನೆಯ, ಸುರುಳಿ ಸುತ್ತಿದ ಹಿಂಭಾಗ ಬಯಲಿಗೆ ಬಂದದ್ದು ಕಂಡಿತು. ಮರುಕ್ಷಣಕ್ಕೆ ಅದು ಹೊಸ ಮನೆಯೊಳಗಿತ್ತು. ಫೋಟೊ ನನಗೆ ಸಿಗಲಿಲ್ಲ. ಆದರೆ ಆ ಬೆಳಿಗ್ಗೆಯಿಂದ ಈ ಊರಿನ ಕಡಲು ನನಗೆ ಬೇರೆಯೇ ಆಯಿತು.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ, ಹೊಟ್ಟೆಪಾಡು ಮುಂಬೈಯಲ್ಲಿ. ಈ ಹವ್ಯಾಸದ ವಿಷಯ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ಊರಗ್ ಇಪ್ಪತಿಗೆ ಕಾಣದ್ ಏಡಿ, ಅಲ್ಲ್ ಹೋಯಿ ಕಾಂತ್ಯಾ ಮಗಾ?" ಅವರ ಮಾತು ನಿಜ. ಊರಲ್ಲಿ ಏಡಿ ಎಂದರೆ ಸಾರು, ಮರುವಾಯಿ ಎಂದರೆ ಸುಕ್ಕ. ಅವುಗಳ ಬದುಕನ್ನು ಕೂತು ನೋಡಲು ಬಿಡುವಾದದ್ದು ಇಲ್ಲಿಗೆ ಬಂದ ಮೇಲೆ. ಮುಂಬೈಯಲ್ಲಿರುವ ನಮ್ಮವರಲ್ಲಿ ಕರಾವಳಿಯಿಂದ ಬಂದವರು ಬಹಳ ಮಂದಿ ಇದ್ದಾರೆ. ಲೋಕಲ್ ಟ್ರೈನಿನ ದೂರದಲ್ಲೇ ಇಷ್ಟೆಲ್ಲ ಇದೆ ಎಂದು ಅವರಿಗೆ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ದುಬಾರಿ ಕ್ಯಾಮೆರಾ ಬೇಡ, ಕೈಯಲ್ಲಿರುವ ಮೊಬೈಲ್ ಸಾಕು. ಮುಖ್ಯವಾಗಿ ಬೇಕಾದದ್ದು ಸರಿಯಾದ ಹೊತ್ತು, ಮತ್ತು ಒಂದೇ ಜಾಗದಲ್ಲಿ ಕೂರುವ ಮನಸ್ಸು.

ಮೊದಲು ಪಂಚಾಂಗ ನೋಡಿ

ಕಡಲತೀರಕ್ಕೆ ನಮಗೆ ಬಿಡುವಿದ್ದಾಗ ಹೋದರೆ ಏನೂ ಕಾಣುವುದಿಲ್ಲ. ನೀರು ಇಳಿದಾಗ ಹೋಗಬೇಕು. ಮುಂಬೈಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಮೊಬೈಲಿನಲ್ಲಿ ಇದನ್ನು ತೋರಿಸುವ ಆ್ಯಪ್‌ಗಳಿವೆ, ಪತ್ರಿಕೆಗಳಲ್ಲೂ ಬರುತ್ತದೆ. ಆದರೆ ಕೊಂಕಣ ತೀರದ ಮೀನುಗಾರರ ಹಳೆಯ ಲೆಕ್ಕ ನನಗೆ ಇವೆಲ್ಲಕ್ಕಿಂತ ಇಷ್ಟ. ತಿಥಿಯ ಸಂಖ್ಯೆಯ ಮುಕ್ಕಾಲು ಭಾಗ ತೆಗೆದರೆ ಭರತದ ಗಂಟೆ ಸಿಗುತ್ತದೆ. ಹುಣ್ಣಿಮೆಗೂ ಅಮಾವಾಸ್ಯೆಗೂ ಹದಿನೈದು ಎಂದು ಹಿಡಿಯಿರಿ. ಹದಿನೈದರ ಮುಕ್ಕಾಲು ಹನ್ನೊಂದೂಕಾಲು, ಅಂದರೆ ಮಧ್ಯಾಹ್ನದ ಹೊತ್ತಿಗೆ ಭರತ, ಬೆಳಿಗ್ಗೆ ಐದರ ಆಸುಪಾಸು ಇಳಿತ. ತದಿಗೆಗೆ ಮೂರರ ಮುಕ್ಕಾಲು ಎರಡೂಕಾಲು. ಭರತಕ್ಕೂ ಇಳಿತಕ್ಕೂ ಆರು ಗಂಟೆಗಿಂತ ತುಸು ಹೆಚ್ಚಿನ ಅಂತರ. ಹಾಗಾಗಿ ತದಿಗೆಯ ಬೆಳಿಗ್ಗೆ ಎಂಟು, ಎಂಟೂಕಾಲರ ಹೊತ್ತಿಗೆ ನೀರು ತಳ ಮುಟ್ಟುತ್ತದೆ. ಲೆಕ್ಕ ಅರ್ಧ ಗಂಟೆ ಆಚೀಚೆ ಆಗಬಹುದು. ಮನೆಯಲ್ಲೇ ಕೂತು ವಾರದ ಕಾರ್ಯಕ್ರಮ ಹಾಕಿಕೊಳ್ಳಲು ಅಷ್ಟು ಸಾಕು. ಹೊರಡುವ ಹಿಂದಿನ ರಾತ್ರಿ ಮಾತ್ರ ಆ್ಯಪಿನಲ್ಲಿ ಒಮ್ಮೆ ಸರಿನೋಡಿ.

ನೀರು ಬಹಳ ಹಿಂದಕ್ಕೆ ಹೋಗುವುದು ಹುಣ್ಣಿಮೆ, ಅಮಾವಾಸ್ಯೆ ಮತ್ತು ಅವುಗಳ ನಂತರದ ಎರಡು ಮೂರು ದಿನ. ಅಷ್ಟಮಿಯ ಹೊತ್ತಿಗೆ ಇಳಿತವೇ ಸಪ್ಪೆ, ಬಂಡೆಗಳ ತಲೆ ಮಾತ್ರ ಕಾಣುತ್ತದೆ. ಹೀಗಾಗಿ ಬಂಡೆಯ ಗುಂಡಿಗಳನ್ನು ನೋಡಬೇಕೆಂದರೆ ಬಿದಿಗೆ, ತದಿಗೆ, ಚೌತಿಗಳು ರಜಾದಿನಕ್ಕೆ ಬೀಳುವುದನ್ನು ಕಾಯಿರಿ. ಅಳತೆಯಲ್ಲಿ ಹೇಳುವುದಾದರೆ ಇಳಿತದ ಮಟ್ಟ ಅರ್ಧ ಮೀಟರಿನ ಸುತ್ತಮುತ್ತ ಅಥವಾ ಅದಕ್ಕೂ ಕಡಿಮೆ ಇರುವ ದಿನ ಒಳ್ಳೆಯದು. ನೀರು ತಳ ಮುಟ್ಟುವ ಹೊತ್ತಿಗೆ ಒಂದು ಗಂಟೆ ಮುಂಚೆ ಅಲ್ಲಿರಬೇಕು. ಇಳಿಯುವ ನೀರಿನ ಹಿಂದೆಯೇ ಹೋಗಿ, ತಿರುಗುವ ನೀರಿಗಿಂತ ಮುಂಚೆ ವಾಪಸು ಬರಬೇಕು.

ಯಾವ ತೀರ

ಈ ಊರಿನಲ್ಲಿ ಮೂರು ಬಗೆಯ ತೀರಗಳಿವೆ: ಬಂಡೆ, ಮರಳು, ಕೆಸರು. ಬಂಡೆಗೆ ಕಾರ್ಟರ್ ರೋಡ್, ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್, ಹಾಜಿ ಅಲಿ. ಮರಳಿಗೆ ಜುಹು, ಗಿರ್‌ಗಾಂವ್ ಚೌಪಾಟಿ, ಆಕ್ಸಾ, ಗೊರಾಯಿ. ಕೆಸರು ಮತ್ತು ಕಾಂಡ್ಲಾಕಾಡಿಗೆ (ಮ್ಯಾಂಗ್ರೋವ್) ಪೂರ್ವದ ಶಿವಡಿ, ಐರೋಲಿ. ಮೂರನ್ನೂ ಒಂದೇ ತಿಂಗಳಲ್ಲಿ ಸುತ್ತಿ ಮುಗಿಸುವ ಆಸೆ ಬೇಡ. ಮನೆಗೆ ಹತ್ತಿರದ ಒಂದನ್ನು ಆರಿಸಿ, ಒಂದು ವರ್ಷ ಅಲ್ಲಿಗೇ ಹೋಗಿ. ನಾನು ಮೊದಲ ಆರು ತಿಂಗಳು ವಾರಕ್ಕೊಂದು ತೀರ ಎಂದು ಅಲೆದು ಕಾಲ ಕಳೆದೆ. ಕಲಿತದ್ದೆಲ್ಲ ಒಂದೇ ಮೂವತ್ತು ಹೆಜ್ಜೆ ಬಂಡೆಯ ಹತ್ತಿರ ಮತ್ತೆ ಮತ್ತೆ ಕೂತ ಮೇಲೆ.

ಬೆಳಕಿನ ಲೆಕ್ಕವೂ ಇದೆ. ಪಶ್ಚಿಮದ ತೀರಗಳಲ್ಲಿ ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಸಂಜೆ ಕಣ್ಣಿಗೆ ಹೊಡೆಯುತ್ತಾನೆ. ಶಿವಡಿಯಲ್ಲಿ ಕಡಲು ಪೂರ್ವಕ್ಕಿರುವುದರಿಂದ ಇದು ತಿರುಗುಮುರುಗು.

ಚೀಲದಲ್ಲಿ

ಅಡಿ ಜಾರದ, ಬೆರಳು ಮುಚ್ಚುವ ಚಪ್ಪಲಿ ಅಥವಾ ರಬ್ಬರ್ ಶೂ. ಬರಿಗಾಲು ಬೇಡವೇ ಬೇಡ. ಬಂಡೆಗೆ ಕಚ್ಚಿಕೊಂಡ ಆಯ್ಸ್ಟರ್ ಚಿಪ್ಪಿನ ಅಂಚು ಬ್ಲೇಡಿನಷ್ಟು ಹರಿತ, ಒಡೆದ ಗಾಜೂ ಇರುತ್ತದೆ. ನೀರಿನ ಬಾಟಲಿ, ಟೋಪಿ, ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್, ಲೆನ್ಸ್ ಒರೆಸಲು ಒಣ ಹತ್ತಿಬಟ್ಟೆ, ಸಣ್ಣ ನೋಟ್‌ಬುಕ್ಕು, ಪೆನ್ಸಿಲ್. ಪೆನ್ನಿನ ಶಾಯಿ ಒದ್ದೆಯಾದರೆ ಹರಡುತ್ತದೆ. ಒಂದು ಕೊಡೆ. ಅದು ಬಿಸಿಲಿಗಲ್ಲ, ಅದರ ಕೆಲಸ ಮುಂದೆ ಹೇಳುತ್ತೇನೆ.

ಮೊದಲ ಹದಿನೈದು ನಿಮಿಷ

ಮೊಬೈಲ್ ಜೇಬಿನಲ್ಲಿರಲಿ. ಕೂತುಕೊಳ್ಳಿ.

ಇದು ಬಹಳ ಸಣ್ಣ ಸೂಚನೆಯಂತೆ ಕಾಣಬಹುದು, ಆದರೆ ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀವು ನಡೆದು ಬಂದಾಗ ಮರಳಿನಲ್ಲಿ, ಕೆಸರಿನಲ್ಲಿ ಇದ್ದವೆಲ್ಲ ಬಿಲದೊಳಕ್ಕೆ ಹೋಗಿರುತ್ತವೆ. ತೀರ ಖಾಲಿ ಕಾಣುತ್ತದೆ. ಕೂತು ಕೈಕಾಲು ಅಲ್ಲಾಡಿಸದೆ ಇದ್ದರೆ ಐದಾರು ನಿಮಿಷಕ್ಕೆ ಒಂದು ಬಿಲದ ಬಾಯಲ್ಲಿ ಎರಡು ಕಣ್ಣು ಏಳುತ್ತವೆ. ಆಮೇಲೆ ಇನ್ನೊಂದು ಕಡೆ. ಹತ್ತನೇ ನಿಮಿಷಕ್ಕೆ ನೀವು ಕೂತ ಜಾಗದ ಸುತ್ತ ಸಂತೆ ನೆರೆದಿರುತ್ತದೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಕೂರಬೇಕು. ನೆರಳೆಂದರೆ ಅವಕ್ಕೆ ಹಕ್ಕಿ.

ಜುಹುವಿನಲ್ಲಿ ನೀರು ಇಳಿದ ಮರಳಿನ ಮೇಲೆ ಸಾಸಿವೆ, ಮೆಣಸಿನ ಕಾಳಿನ ಗಾತ್ರದ ಮರಳುಂಡೆಗಳು ರಂಗೋಲಿಯಂತೆ ಹರಡಿರುವುದನ್ನು ನೀವು ನೋಡಿಯೇ ಇರುತ್ತೀರಿ, ಬಹುಶಃ ತುಳಿದೂ ಹೋಗಿರುತ್ತೀರಿ. ಅದನ್ನು ಬರೆಯುವುದು ಬೆರಳಿನ ಉಗುರಿಗಿಂತ ಚಿಕ್ಕ ಏಡಿ. ಬಿಲದಿಂದ ಹೊರಗೆ ಬಂದು, ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಸೂಕ್ಷ್ಮ ಆಹಾರವನ್ನಷ್ಟೇ ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ಉಂಡೆ ಮಾಡಿಟ್ಟರೆ ಸೋಸಿದ ಮರಳನ್ನೇ ಮತ್ತೆ ಸೋಸುವ ತಪ್ಪಾಗುವುದಿಲ್ಲ. ಬಿಲವನ್ನು ನಡುವಿಟ್ಟು ಗೆರೆ ಗೆರೆಯಾಗಿ ಕೆಲಸ ಮಾಡುವುದರಿಂದ ಚಿತ್ತಾರ ಸೂರ್ಯನ ಕಿರಣದಂತೆ ಹರಡುತ್ತದೆ. ಮುಂದಿನ ಭರತ ಅಷ್ಟನ್ನೂ ಅಳಿಸುತ್ತದೆ, ಮುಂದಿನ ಇಳಿತಕ್ಕೆ ಏಡಿ ಮತ್ತೆ ಬರೆಯುತ್ತದೆ. ನನ್ನ ಅಜ್ಜಿ ದಿನಾ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದರು. ಈ ಏಡಿಯನ್ನು ನೋಡುವಾಗ ನನಗೆ ಅವರ ಬೆರಳುಗಳ ನೆನಪು ಬರುತ್ತದೆ.

ಇದರ ಫೋಟೊಗೆ ಮೊಬೈಲನ್ನು ಮರಳಿಗೆ ತಾಗುವಷ್ಟು ತಗ್ಗಿಸಬೇಕು. ಪ್ಲಾಸ್ಟಿಕ್ ಕವರಿನ ಮೇಲೆ ತಲೆಕೆಳಗಾಗಿ ಇಟ್ಟರೆ ಲೆನ್ಸ್ ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ನಿಂತು ಮೇಲಿನಿಂದ ತೆಗೆದ ಏಡಿ ಒಂದು ಚುಕ್ಕೆ. ಅದರ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆದಾಗ ಅದಕ್ಕೊಂದು ಮುಖ ಬರುತ್ತದೆ. ಮರಳುಂಡೆಗಳ ಚಿತ್ತಾರಕ್ಕೆ ಮಾತ್ರ ನಿಂತೇ, ನೇರ ಮೇಲಿನಿಂದ, ಸೂರ್ಯ ಓರೆಯಾಗಿರುವಾಗ ತೆಗೆಯಿರಿ. ಒಂದೊಂದು ಉಂಡೆಗೂ ನೆರಳು ಬಿದ್ದು ಚಿತ್ರ ಎದ್ದು ಬರುತ್ತದೆ.

ಕೆಸರಿನ ಅಂಚಿನಲ್ಲಿ

ಕಾಂಡ್ಲಾಗಿಡಗಳ ಬುಡದಲ್ಲಿ ಮುಖ್ಯವಾಗಿ ಇಬ್ಬರನ್ನು ಹುಡುಕಿ. ಒಂದು ಪಿಟೀಲು ಏಡಿ. ಗಂಡಿಗೆ ಒಂದು ಕೊಂಡಿ ಪುಟ್ಟದು, ಇನ್ನೊಂದು ಮೈಗಿಂತ ದೊಡ್ಡದು. ಹೆಣ್ಣಿಗೆ ಎರಡೂ ಪುಟ್ಟವು. ಗಂಡು ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಬೀಸುವುದು ಹೆಣ್ಣನ್ನು ಕರೆಯಲು ಮತ್ತು ಬೇರೆ ಗಂಡುಗಳನ್ನು ಎಚ್ಚರಿಸಲು. ಉಣ್ಣಲು ಆ ಕೊಂಡಿ ಪ್ರಯೋಜನಕ್ಕಿಲ್ಲ. ಹೆಣ್ಣು ಎರಡು ಕೈಯಲ್ಲಿ ತಿನ್ನುವಾಗ ಗಂಡು ಒಂದೇ ಕೈಯಲ್ಲಿ ತಿನ್ನುವುದನ್ನು ಗಮನಿಸಿ. ಬೀಸುವುದಕ್ಕೆ ಒಂದು ತಾಳವಿದೆ. ಎರಡು ಮೂರು ಸಲ ನೋಡಿದರೆ ಕೊಂಡಿ ಯಾವಾಗ ಮೇಲೆ ಬರುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಆ ಕ್ಷಣಕ್ಕಿಂತ ತುಸು ಮುಂಚೆ ಬಟನ್ ಒತ್ತಿ ಹಿಡಿದು ಸಾಲಾಗಿ ಹತ್ತಿಪ್ಪತ್ತು ಫೋಟೊ ತೆಗೆಯಿರಿ.

ಇನ್ನೊಂದು ಕೆಸರಿನಲ್ಲಿ ನೆಗೆಯುವ ಮೀನು, ಇಂಗ್ಲಿಷಿನವರ ಮಡ್‌ಸ್ಕಿಪ್ಪರ್. ಇಲ್ಲಿಯ ಕೋಲಿ ಮೀನುಗಾರರು ನಿವ್ಟಿ ಎನ್ನುತ್ತಾರೆ, ಅವರ ಅಡುಗೆಯಲ್ಲೂ ಇದಕ್ಕೆ ಜಾಗವಿದೆ. ನೀರಿಲ್ಲದಲ್ಲೂ ಇದು ಓಡಾಡಬಲ್ಲದು. ಮೈ ಒದ್ದೆಯಿರುವವರೆಗೆ ಚರ್ಮದಿಂದ, ಬಾಯಿ ಗಂಟಲಿನ ಒಳಪದರದಿಂದ ಉಸಿರಾಡುತ್ತದೆ. ಅದಕ್ಕೇ ಆಗಾಗ ಕೆಸರಿನಲ್ಲಿ ಮಗ್ಗುಲಾಗಿ ಹೊರಳಿ ಮೈ ನೆನೆಸಿಕೊಳ್ಳುತ್ತದೆ. ಎರಡು ಗಂಡುಗಳು ಎದುರಾದಾಗ ಬೆನ್ನಿನ ರೆಕ್ಕೆ ಹಾಯಿಯಂತೆ ನೆಟ್ಟಗಾಗುವುದನ್ನು ಕಾಯಬೇಕು. ನನಗೆ ಆ ಒಂದು ಚಿತ್ರ ಸಿಗಲು ಹನ್ನೊಂದು ಭಾನುವಾರ ಹಿಡಿಯಿತು. ಆ ಹನ್ನೊಂದು ಭಾನುವಾರಗಳು ನನ್ನ ಮುಂಬೈ ವಾಸದ ಅತ್ಯಂತ ಒಳ್ಳೆಯ ಬೆಳಗುಗಳು. ಕೆಸರಿಗೆ ಇಳಿಯಬೇಡಿ. ಸೊಂಟದವರೆಗೆ ಹೂತುಹೋಗುವ ಜಾಗಗಳಿವೆ. ಕಟ್ಟೆ, ಜೆಟ್ಟಿ, ಗಟ್ಟಿ ನೆಲದ ಮೇಲಿಂದಲೇ ನೋಡಿ.

ಬಂಡೆಯ ಗುಂಡಿಗಳು

ಮುಂಬೈಯ ಬಂಡೆ ಲಾವಾ ಹೆಪ್ಪುಗಟ್ಟಿ ಆದದ್ದು. ಅದರ ಸಂದುಗೊಂದುಗಳಲ್ಲಿ ನೀರು ನಿಲ್ಲುತ್ತದೆ. ಒಂದು ಗುಂಡಿಯನ್ನು ಆರಿಸಿಕೊಂಡು ಮೊದಲು ಅಂಚು, ಆಮೇಲೆ ಗೋಡೆ, ಕೊನೆಗೆ ತಳ, ಈ ಕ್ರಮದಲ್ಲಿ ಕಣ್ಣಾಡಿಸಿ. ಅಂಚಿನಲ್ಲಿ ಬಾರ್ನಕಲ್ ಎಂಬ ಪುಟ್ಟ ಜ್ವಾಲಾಮುಖಿಯಂಥ ಚಿಪ್ಪುಗಳಿರುತ್ತವೆ. ಇವು ಏಡಿ, ಸೀಗಡಿಗಳ ನೆಂಟರು. ಗೋಡೆಯಲ್ಲಿ ಹೂವಿನಂತೆ ಅರಳಿದ ಕಡಲ ಅನಿಮೋನ್, ಗುಂಪಾಗಿ ಹಾಸಿದ ಹಸಿರು ಕಂದು ಬಣ್ಣದ, ಅಂಗಿಯ ಗುಂಡಿಗಳಂಥ ಜೊಯಾಂಥಿಡ್‌ಗಳು. ತಳದಲ್ಲಿ ನಡೆಯುವ ಶಂಖ ಕಂಡರೆ ಅದು ಬಸವನಹುಳುವೋ ಸನ್ಯಾಸಿ ಏಡಿಯೋ ನೋಡಿ. ಜಾರಿದರೆ ಹುಳು, ಓಡಿದರೆ ಏಡಿ. ಅದೃಷ್ಟವಿದ್ದರೆ ಬಣ್ಣದ ಕಡಲ ಗೊಂಡೆಹುಳು (ಇಂಗ್ಲಿಷಿನ ಸೀ ಸ್ಲಗ್), ತುಂಬಾ ಅದೃಷ್ಟವಿದ್ದರೆ ಆಕ್ಟೊಪಸ್ಸು.

ಇಲ್ಲಿ ಹವಳವೂ ಇದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಕರಾವಳಿ ರಸ್ತೆಯ ಕಾಮಗಾರಿಗಾಗಿ ವರ್ಲಿ ಮತ್ತು ಹಾಜಿ ಅಲಿ ತೀರದ ಹವಳಗಳನ್ನು 2020ರಲ್ಲಿ ಬೇರೆಡೆಗೆ ಸ್ಥಳಾಂತರಿಸಿದರು. ಅಂಗೈಯಗಲದ ಗಟ್ಟಿ ಹವಳವೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಮುರಿಯುವುದು, ಮನೆಗೆ ತರುವುದು ಅಪರಾಧ.

ಗುಂಡಿಯ ಫೋಟೊದಲ್ಲಿ ದೊಡ್ಡ ತೊಂದರೆ ಆಕಾಶದ ಪ್ರತಿಬಿಂಬ. ಕೊಡೆ ಬೇಕಾದದ್ದು ಇದಕ್ಕೆ. ಕಪ್ಪು ಕೊಡೆಯನ್ನು ಗುಂಡಿಯ ಮೇಲೆ ಓರೆಯಾಗಿ ಹಿಡಿದರೆ ನೀರು ಕನ್ನಡಿಯಾಗಿದ್ದದ್ದು ಕಿಟಕಿಯಾಗುತ್ತದೆ. ಪೋಲರೈಸ್ಡ್ ತಂಪು ಕನ್ನಡಕವಿದ್ದರೆ ಅದರ ಗಾಜನ್ನು ಮೊಬೈಲಿನ ಲೆನ್ಸ್ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಮಾಯವಾಗುತ್ತದೆ. ಫ್ಲ್ಯಾಶ್ ಬೇಡ. ಅದು ನೀರಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಜೀವಿಗಳನ್ನೂ ಬೆದರಿಸುತ್ತದೆ.

ಕಲ್ಲು ಎತ್ತಿ ನೋಡಿದರೆ, ಎಷ್ಟು ಮೆಲ್ಲಗೆ ಎತ್ತಿದಿರೋ ಅಷ್ಟೇ ಮೆಲ್ಲಗೆ, ಅದೇ ಮಗ್ಗುಲಿಗೆ ಮರಳಿ ಇಡಿ. ಕಲ್ಲಿನ ಅಡಿಯಲ್ಲಿ ಬದುಕುವವು ಬಿಸಿಲಿಗೆ ಸಾಯುತ್ತವೆ, ಮೇಲೆ ಬದುಕುವವು ಕತ್ತಲಿಗೆ ಸಾಯುತ್ತವೆ. ಇದನ್ನು ಮಾಡುವ ತಾಳ್ಮೆ ಆ ದಿನ ಇಲ್ಲದಿದ್ದರೆ ಕಲ್ಲು ಮುಟ್ಟಲೇಬೇಡಿ. ಚೆಂದದ ಶಂಖಗಳನ್ನು ಆರಿಸಿ ತರುವ ಅಭ್ಯಾಸವನ್ನೂ ಬಿಡಬೇಕೆಂದು ನನ್ನ ಕಳಕಳಿಯ ವಿನಂತಿ. ಖಾಲಿ ಶಂಖ ಸಿಗದ ಸನ್ಯಾಸಿ ಏಡಿ ಬಾಟಲಿಯ ಮುಚ್ಚಳ ಹೊತ್ತು ನಡೆಯುವ ಚಿತ್ರಗಳು ಲೋಕದ ಹಲವು ತೀರಗಳಿಂದ ಬಂದಿವೆ. ಕೋನ್ ಆಕಾರದ, ನವಿರಾದ ಚಿತ್ತಾರದ ಶಂಖಗಳನ್ನಂತೂ ಕೈಯಲ್ಲಿ ಹಿಡಿಯಲೇಬಾರದು. ಒಳಗಿನ ಹುಳು ವಿಷದ ಮುಳ್ಳು ಚುಚ್ಚಬಲ್ಲದು.

ಒಬ್ಬರೇ ಹೋಗಲು ಅಳುಕಿದ್ದರೆ ಮರೀನ್ ಲೈಫ್ ಆಫ್ ಮುಂಬೈ ಎಂಬ ನಾಗರಿಕರ ಗುಂಪು ನಡೆಸುವ ತೀರನಡಿಗೆಗಳಿಗೆ ಸೇರಿಕೊಳ್ಳಿ. 2017ರಲ್ಲಿ ಶುರುವಾದ ಪ್ರಯತ್ನ ಅದು. ಗೊತ್ತಿರುವವರ ಜೊತೆ ಒಂದು ಸಲ ನಡೆದರೆ ಕಣ್ಣು ಪಳಗುತ್ತದೆ.

ಹಕ್ಕಿಗಳಿಗೆ ಬೇರೆ ಲೆಕ್ಕ

ಬಂಡೆಯಂಚಿನ ಬೆಳ್ಳಕ್ಕಿ, ಕೊಳದ ಬಕ, ಬಾಲ ಕುಣಿಸುತ್ತ ಓಡುವ ಗೊರವ, ಮೀನುದೋಣಿಗಳ ಮೇಲೆ ಸುತ್ತುವ ಗರುಡ, ಇವು ನಮಗೆ ಊರಿನಿಂದಲೇ ಪರಿಚಿತ. ಬೂದುಗಪ್ಪು ಮೈಯ, ಬಿಳಿ ಗಂಟಲಿನ ಬಕವೊಂದು ನೀರಿನಂಚಿನಲ್ಲಿ ನಿಂತಿದ್ದರೆ ಅದು ರೀಫ್ ಹೆರಾನ್. ಅದೇ ಜಾತಿಯಲ್ಲಿ ಪೂರ್ತಿ ಬಿಳಿಯವೂ ಇರುತ್ತವೆ.

ಚಳಿಗಾಲದ ಅತಿಥಿಗಳೆಂದರೆ ಕಡಲಕ್ಕಿಗಳು ಮತ್ತು ರಾಜಹಂಸಗಳು. ರಾಜಹಂಸಗಳು ಠಾಣೆ ಖಾರಿಗೆ (ನೆಲದೊಳಕ್ಕೆ ಚಾಚಿದ ಕಡಲ ಕವಲು) ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಬಂದು ಮಳೆಗಾಲಕ್ಕೆ ಮುಂಚೆ ಹೊರಡುತ್ತವೆ. ಖಾರಿಯ ಒಂದು ಭಾಗವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು, 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗಾಢ ಕೆಂಪು ಕೊಕ್ಕಿನದು ಚಿಕ್ಕ ರಾಜಹಂಸ. ತಿಳಿಗುಲಾಬಿ ಕೊಕ್ಕಿನ ತುದಿ ಮಾತ್ರ ಕಪ್ಪಾಗಿದ್ದರೆ ದೊಡ್ಡದು. ಮೈಯ ಗುಲಾಬಿ ಬಣ್ಣ ಬರುವುದು ಅವು ತಿನ್ನುವ ಪಾಚಿ, ಸಣ್ಣ ಜೀವಿಗಳಲ್ಲಿನ ವರ್ಣದ್ರವ್ಯದಿಂದ. ಮರಿಗಳು ಬೂದುಬಣ್ಣದಲ್ಲಿರುತ್ತವೆ.

ಶಿವಡಿಗೆ ಹೋಗುವುದು ಸುಲಭ. ಮಾತುಂಗದ ನಮ್ಮವರಿಗೆ ಕಿಂಗ್ಸ್ ಸರ್ಕಲ್ಲಿನಿಂದ ಹಾರ್ಬರ್ ಲೈನಿನಲ್ಲಿ ವಡಾಲ ದಾಟಿದರೆ ಮುಂದಿನ ಸ್ಟೇಷನ್ನು. ಇಲ್ಲಿ ಇಳಿತದ ನಟ್ಟನಡುವೆ ಹೋದರೆ ಹಕ್ಕಿಗಳು ದೂರದ ಕೆಸರಿನಲ್ಲಿ ಗುಲಾಬಿ ಗೆರೆಯಾಗಿರುತ್ತವೆ. ಪೂರ್ತಿ ಭರತದಲ್ಲಿ ನಿಲ್ಲಲು ಕೆಸರೇ ಇರುವುದಿಲ್ಲ. ಭರತಕ್ಕೆ ಎರಡು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ ಹೋಗಿ. ಏರುವ ನೀರು ಅವನ್ನು ನಿಮ್ಮ ಕಡೆಗೇ ತಳ್ಳಿ ತರುತ್ತದೆ. ಚೌತಿ, ಪಂಚಮಿಯ ದಿನ ಭರತ ಮಧ್ಯಾಹ್ನ ಮೂರು, ಮೂರೂಮುಕ್ಕಾಲಕ್ಕೆ. ಒಂದೂವರೆಗೆ ಹೋಗಿ ಬಿಸಿಲಿನಲ್ಲಿ ಬೇಯುವುದಕ್ಕಿಂತ ಭರತ ಇಳಿಯತೊಡಗಿದಾಗ, ಐದರ ಹೊತ್ತಿಗೆ ಹೋದರೆ ಸೂರ್ಯನೂ ಬೆನ್ನಿಗಿರುತ್ತಾನೆ. ದೋಣಿಯಲ್ಲಿ ನೋಡಬೇಕೆಂದರೆ ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರವಿದೆ. ಮುಂಚೆಯೇ ಕಾಯ್ದಿರಿಸಿಕೊಳ್ಳಿ.

ಬಿಳಿ ಹಕ್ಕಿಯ ಫೋಟೊ ಮೊಬೈಲಿನಲ್ಲಿ ಸುಣ್ಣ ಬಳಿದಂತೆ ಬರುತ್ತದೆ. ಹಕ್ಕಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ನಂತರ ಬೆರಳನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿ. ಗರಿಯ ಗೆರೆಗಳು ಕಾಣುವವರೆಗೆ ತಗ್ಗಿಸಬಹುದು. ಕ್ಯಾಮೆರಾ ಇರುವವರು ಹಾರುವ ಹಕ್ಕಿಗೆ ಶಟರ್ ವೇಗವನ್ನು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಹೊತ್ತಿಗೆ ಇಡಿ. ಮೊಬೈಲಿನಲ್ಲಿ ದೂರದ ಹಕ್ಕಿಯನ್ನು ಝೂಮ್ ಮಾಡಿ ಒಡೆದ ಚಿತ್ರ ತೆಗೆಯುವ ಬದಲು, ಹಕ್ಕಿ ಚಿಕ್ಕದಾಗಿ ಕಂಡರೂ ಜೆಟ್ಟಿ, ದೋಣಿ, ಹಿಂದಿನ ಕಟ್ಟಡ ಎಲ್ಲ ಸೇರಿದ ಚಿತ್ರ ತೆಗೆಯಿರಿ. ಅದೇ ಮುಂಬೈಯ ಹಕ್ಕಿಯ ಚಿತ್ರ.

ಹಕ್ಕಿಗಳನ್ನು ಎಬ್ಬಿಸಬೇಡಿ. ಚಪ್ಪಾಳೆ ತಟ್ಟಿ ಹಿಂಡು ಹಾರಿಸಿ ವಿಡಿಯೊ ತೆಗೆಯುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮೈ ತುಂಬಿಕೊಳ್ಳಬೇಕಾದ ಹೊತ್ತು ಅವುಗಳದ್ದು. ಕಡಲಕ್ಕಿಗಳಿಗೆ ಸೇವು, ಗಾಠಿಯಾ ಎಸೆಯುವುದೂ ಪ್ರೀತಿಯಲ್ಲ. ಎಣ್ಣೆ, ಉಪ್ಪಿನ ಆ ತಿಂಡಿ ಅವಕ್ಕೆ ಒಗ್ಗುವುದಿಲ್ಲ.

ಮಳೆಗಾಲ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಂಡೆಗೆ ಇಳಿಯಬೇಡಿ. ಪಾಚಿ ಜಾರುತ್ತದೆ, ಅಲೆ ಹೇಳಿ ಬರುವುದಿಲ್ಲ. ಮರಳಿನ ಮೇಲಷ್ಟೇ ನಡೆಯಿರಿ. ಆಗ ಅಲೆ ತಂದು ಹಾಕುವವುಗಳಲ್ಲಿ ನೀಲಿ ಬಲೂನಿನಂಥ ಬ್ಲೂಬಾಟಲ್ ಇರುತ್ತದೆ. ಸತ್ತು ಬಿದ್ದಿದ್ದರೂ ಅದರ ದಾರಗಳು ಕುಟುಕುತ್ತವೆ. 2018ರ ಆಗಸ್ಟಿನಲ್ಲಿ ಇಲ್ಲಿಯ ತೀರಗಳಲ್ಲಿ ಅನೇಕರಿಗೆ ಕುಟುಕಿ ಸುದ್ದಿಯಾಗಿತ್ತು. ಕುಟುಕಿದರೆ ಉಜ್ಜಬೇಡಿ. ಕಡಲ ನೀರಿನಲ್ಲೇ ತೊಳೆದು, ಅಂಟಿದ ದಾರವನ್ನು ಕಡ್ಡಿಯಿಂದ ತೆಗೆದು, ತಡೆಯುವಷ್ಟು ಬಿಸಿನೀರಿನಲ್ಲಿ ಇಟ್ಟು, ವೈದ್ಯರ ಹತ್ತಿರ ಹೋಗಿ. ಫೋಟೊಗೆ ಮಾತ್ರ ಇದು ಅಪೂರ್ವ ಜೀವಿ. ಮೋಡದ ಬೆಳಕಿನಲ್ಲಿ ಅದರ ನೀಲಿ ಯಾವ ಫಿಲ್ಟರಿನಿಂದಲೂ ಬರುವಂಥದ್ದಲ್ಲ.

ತೀರದ ಜನ

ಇಳಿತದಲ್ಲಿ ಬಂಡೆಯಿಂದ ಚಿಪ್ಪು ಬಿಡಿಸುವ ಕೋಲಿ ಹೆಂಗಸರು ಸಿಗುತ್ತಾರೆ. ಅದು ಅವರ ಹೊಲ, ನೀವು ಅತಿಥಿ. ಕೇಳದೆ ಅವರ ಫೋಟೊ ತೆಗೆಯಬೇಡಿ, ಅವರು ಕೂತ ಜಾಗದ ಮುಂದೆ ಹೋಗಿ ನಿಲ್ಲಬೇಡಿ. "ಮಾವಶಿ" (ಮರಾಠಿಯಲ್ಲಿ ಚಿಕ್ಕಮ್ಮ) ಎಂದು ಕರೆದು, ಯಾವ ಗುಂಡಿಯಲ್ಲಿ ಏನಿದೆ ಎಂದು ಕೇಳಿ. ನನಗೆ ಆಕ್ಟೊಪಸ್ಸಿನ ಬಿಲ ತೋರಿಸಿದ್ದು ಅಂಥ ಒಬ್ಬ ಹಿರಿಯ ಹೆಂಗಸು. ಬಿಲದ ಬಾಯಲ್ಲಿ ತಿಂದುಳಿದ ಚಿಪ್ಪುಗಳ ಗುಪ್ಪೆ ಇದ್ದರೆ ಒಳಗೆ ಯಜಮಾನ ಇದ್ದಾನೆ ಎಂದು ತಿಳಿ, ಅಂದರು.

ಮನೆಗೆ ಬಂದ ಮೇಲೆ

ಮೊಬೈಲನ್ನು, ಮುಖ್ಯವಾಗಿ ಚಾರ್ಜರ್ ಚುಚ್ಚುವ ಕಿಂಡಿಯ ಸುತ್ತ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಉಪ್ಪು ಮೆಲ್ಲಗೆ ತಿನ್ನುತ್ತದೆ. ನಂತರ ಅದೇ ದಿನ, ತಪ್ಪದೆ, ಫೋಟೊಗಳನ್ನು ಆರಿಸಿ. ಇನ್ನೂರರಲ್ಲಿ ಹತ್ತು ಉಳಿಸಿ. ಪ್ರತಿ ಜೀವಿಗೆ ಮೇಲಿನಿಂದ, ಪಕ್ಕದಿಂದ, ಸುತ್ತಲಿನ ಜಾಗ ಸೇರಿಸಿ ಒಂದೊಂದು ಚಿತ್ರವಿದ್ದರೆ ಗುರುತಿಸಲು ಸುಲಭ. ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ, ಹಕ್ಕಿಗಳ ಪಟ್ಟಿಗೆ ಇಬರ್ಡ್ ಇದೆ. ಗೂಡು, ಮೊಟ್ಟೆ ಕಂಡರೆ ಮಾತ್ರ ಜಾಗ ಹೇಳಬೇಡಿ.

ನೋಟ್‌ಬುಕ್ಕಿನಲ್ಲಿ ನಾನು ಬರೆಯುವುದು ನಾಲ್ಕು ಸಾಲು: ತಿಥಿ, ಇಳಿತದ ಹೊತ್ತು, ಕೂತ ಜಾಗ, ಕಂಡದ್ದು. ಹೆಸರು ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ನಾನೇ ಒಂದು ಹೆಸರಿಡುತ್ತೇನೆ. ಹೋದ ವಾರದ ಪುಟದಲ್ಲಿ ಹೀಗಿದೆ: "ಬಹುಳ ಬಿದಿಗೆ, ಏಳೂಮುಕ್ಕಾಲು, ದೊಡ್ಡ ಬಂಡೆಯ ಎಡಕ್ಕೆ. ಬೆಲ್ಲದ ಬಣ್ಣದ ಗೊಂಡೆಹುಳು, ಎರಡು. ಒಂದರ ಹಿಂದೆ ಒಂದು ಹೋಗುತ್ತಿದ್ದವು. ನೀರು ಬಂತು, ಎದ್ದೆ."